ಹಳೆಯ ಲ್ಯಾಪ್‌ಟಾಪ್‌ಗೆ ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕುವ ಬಗೆ: ಮೊದಲ ತಪಾಸಣೆಯಿಂದ ಕೊನೆಯ ಡ್ರೈವರ್‌ವರೆಗೆ

ಐದಾರು ವರ್ಷ ದುಡಿದ ಲ್ಯಾಪ್‌ಟಾಪ್ ನಿಧಾನವಾದಾಗ ಸಾಮಾನ್ಯವಾಗಿ ಕೇಳಿಬರುವ ಮಾತು ‘ಒಂದು ಸಲ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ’ ಎಂಬುದು. ಈ ಮಾತು ಅರ್ಧ ಮಾತ್ರ ನಿಜ. ವರ್ಷಗಟ್ಟಲೆ ಹಾಕಿ ತೆಗೆದ ತಂತ್ರಾಂಶಗಳ ಅವಶೇಷ, ಯಂತ್ರ ಚಾಲೂ ಆದೊಡನೆ ತಾವೂ ಎದ್ದು ಕೂರುವ ಹತ್ತಾರು ಪ್ರೋಗ್ರಾಮ್‌ಗಳು, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರುವ ಎರಡೆರಡು ಆಂಟಿವೈರಸ್‌ಗಳು, ತುಂಬಿ ತುಳುಕುವ ಸಿ ಡ್ರೈವ್ – ಇವುಗಳಿಂದ ಬಂದ ನಿಧಾನವನ್ನು ಆಪರೇಟಿಂಗ್ ಸಿಸ್ಟಮ್‌ನ ಹೊಸ ಇನ್‌ಸ್ಟಾಲ್ ಖಂಡಿತವಾಗಿ ಕಳೆಯುತ್ತದೆ. ಆದರೆ ಹಾರ್ಡ್ ಡಿಸ್ಕ್ ಸವೆದಿದ್ದರೆ ಅಥವಾ ಫ್ಯಾನಿನ ದಾರಿಯಲ್ಲಿ ಧೂಳು ಗಟ್ಟಿಯಾಗಿ ಕೂತಿದ್ದರೆ, ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಒಂದು ವಾರದೊಳಗೆ ಹಳೆಯ ಕಥೆಯೇ ಮರುಕಳಿಸುತ್ತದೆ. ಇನ್‌ಸ್ಟಾಲ್ ಎಂಬುದು ಅರ್ಧ ಗಂಟೆಯ, ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಅದು ಸುಸೂತ್ರವಾಗುತ್ತದೆಯೋ ಇಲ್ಲವೋ ಎಂಬುದು ಅದಕ್ಕೂ ಮುಂಚಿನ ಒಂದು ಸಂಜೆಯಲ್ಲಿ ನಿರ್ಧಾರವಾಗುತ್ತದೆ. ಆದ್ದರಿಂದ ಇಲ್ಲಿ ಆ ಸಂಜೆಯ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ತೊಂದರೆ ಎಲ್ಲಿದೆ ಎಂದು ನೋಡಿ

ಯಂತ್ರ ಚಾಲೂ ಆಗಿ ಐದು ನಿಮಿಷ ಕಳೆದ ಮೇಲೆ, ಬೇರೆ ಏನನ್ನೂ ತೆರೆಯದೆ, ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಕಂಬಸಾಲುಗಳ ತಲೆಯ ಮೇಲಿನ ಶೇಕಡಾವಾರು ಅಂಕಿಗಳನ್ನು ಎರಡು ಮೂರು ನಿಮಿಷ ಸುಮ್ಮನೆ ಗಮನಿಸಿ. ಏನೂ ಮಾಡದಿದ್ದರೂ ಡಿಸ್ಕ್ ಅಂಕಿ 100ರಲ್ಲೇ ಅಂಟಿಕೊಂಡಿದ್ದು, ಕೆಳಗಿನ ಸಾಲುಗಳಲ್ಲಿ ಓದುವ ಬರೆಯುವ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ ಎಂದು ತೋರಿಸುತ್ತಿದ್ದರೆ, ತಿರುಗುವ ಹಾರ್ಡ್ ಡಿಸ್ಕ್ ಕೆಲಸ ಮಾಡಲಾರದೆ ಏದುಸಿರು ಬಿಡುತ್ತಿದೆ ಎಂದು ತಿಳಿಯಬೇಕು. ಮೆಮೊರಿ ಅಂಕಿ ಸದಾ 80ರ ಮೇಲಿದ್ದರೆ ರ‍್ಯಾಮ್ ಸಾಲದು. ಸಿಪಿಯು ಅಂಕಿ ಹೆಚ್ಚಿದ್ದು ಫ್ಯಾನ್ ಕಿರುಚುತ್ತಿದ್ದರೆ, ಯಾವ ಪ್ರೋಗ್ರಾಮ್ ಅದನ್ನು ನುಂಗುತ್ತಿದೆ ಎಂಬುದು ಆ ಪಟ್ಟಿಯಲ್ಲೇ ಸಿಗುತ್ತದೆ. ಈ ಮೂರನೆಯ ಸಂದರ್ಭಕ್ಕೆ ಹೊಸ ಇನ್‌ಸ್ಟಾಲ್ ಒಳ್ಳೆಯ ಮದ್ದು. ಮೊದಲೆರಡಕ್ಕೆ ಅದೊಂದೇ ಸಾಲದು.

ಡಿಸ್ಕಿನ ಆರೋಗ್ಯವನ್ನು ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಪ್ರತಿಯೊಂದು ಡಿಸ್ಕ್ ತನ್ನ ಸ್ಥಿತಿಗತಿಯ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂದು ಕರೆಯುವ ಆ ಲೆಕ್ಕವನ್ನು ಓದಿ ‘ಗುಡ್’, ‘ಕಾಷನ್’ ಅಥವಾ ‘ಬ್ಯಾಡ್’ ಎಂದು ಈ ತಂತ್ರಾಂಶ ತೀರ್ಪು ಹೇಳುತ್ತದೆ. ಹಳದಿ ಬಣ್ಣದ ‘ಕಾಷನ್’ ಕಂಡರೆ ಅದರ ಕೆಳಗೆ ‘ರೀಅಲೊಕೇಟೆಡ್ ಸೆಕ್ಟರ್ಸ್’ ಮತ್ತು ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲುಗಳನ್ನು ನೋಡಿ. ಡಿಸ್ಕಿನ ಕೆಲವು ಜಾಗಗಳು ಕೆಟ್ಟು ಬದಲಿ ಜಾಗ ಹುಡುಕಿಕೊಂಡಿವೆ, ಇಲ್ಲವೇ ಕೆಡುವ ಹಾದಿಯಲ್ಲಿವೆ ಎಂಬುದೇ ಆ ಸಾಲುಗಳ ಅರ್ಥ. ಅಂಥ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಹಾಕಬಾರದು. ಟಿಕ್ ಟಿಕ್ ಎಂಬ ಲೋಹದ ಸದ್ದು ಕೇಳಿಸುತ್ತಿದ್ದರಂತೂ ತಪಾಸಣೆಯನ್ನೂ ಬಿಟ್ಟು ಮೊದಲು ಮುಖ್ಯ ಕಡತಗಳನ್ನು ಹೊರಗೆ ತೆಗೆದುಕೊಳ್ಳಬೇಕು.

ಲ್ಯಾಪ್‌ಟಾಪಿನಲ್ಲಿ ತಿರುಗುವ ಡಿಸ್ಕ್ ಇದ್ದು, ಒಂದೇ ಒಂದು ಬಿಡಿಭಾಗಕ್ಕೆ ಖರ್ಚು ಮಾಡಲು ಸಾಧ್ಯವಿದ್ದರೆ, ಅದು ಎಸ್‌ಎಸ್‌ಡಿ (ಚಿಪ್‌ಗಳಲ್ಲೇ ಮಾಹಿತಿ ಇಡುವ ಡಿಸ್ಕ್) ಆಗಿರಲಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಳೆಯ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಪ್ರತಿಯೊಂದು ಸಣ್ಣ ಕಡತಕ್ಕೂ ಅದರ ಓದುವ ಮುಳ್ಳು ಜಾಗ ಬದಲಿಸಿ, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಆಪರೇಟಿಂಗ್ ಸಿಸ್ಟಮ್ ಚಾಲೂ ಆಗುವಾಗ ಓದುವುದು ಸಾವಿರಾರು ಸಣ್ಣ ಕಡತಗಳನ್ನೇ ಆದ್ದರಿಂದ ಈ ಕಾಯುವಿಕೆ ಒಟ್ಟುಗೂಡಿ ನಿಮಿಷಗಳಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಅದೇ ಹಳೆಯ ಜಾಗದಲ್ಲಿ, ಅದೇ ಕನೆಕ್ಟರಿಗೆ ಕೂರುತ್ತದೆ. ಬದಲಿಸುವುದಾದರೆ ಇನ್‌ಸ್ಟಾಲ್‌ಗೆ ಮುಂಚೆಯೇ ಬದಲಿಸಿ. ಹಳೆಯ ಡಿಸ್ಕನ್ನು ಹಾಗೆಯೇ ತೆಗೆದಿಟ್ಟರೆ, ಮರೆತುಹೋದ ಕಡತಗಳಿಗೆ ಅದೇ ಒಂದು ಹೆಚ್ಚುವರಿ ಬ್ಯಾಕಪ್ ಆಗುತ್ತದೆ. ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸಬಹುದೇ ಎಂದು ನೋಡಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದರಿಂದ ಆ ದಾರಿ ಇರುವುದಿಲ್ಲ. ಹೇಗೂ ಹಿಂಬದಿ ತೆರೆದಿರುವಾಗ ಫ್ಯಾನಿನ ಧೂಳನ್ನೂ ತೆಗೆದುಬಿಡಿ. ಊದುವಾಗ ಫ್ಯಾನಿನ ರೆಕ್ಕೆಗಳು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು.

ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕು

ಹಿಂದೆ ಇದ್ದದ್ದನ್ನೇ ಮತ್ತೆ ಹಾಕುವುದು ಈಗ ಸರಳವಾಗಿ ಉಳಿದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತುಹೋದವು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ, 8.1ಕ್ಕೆ 2023ರ ಜನವರಿಯಲ್ಲೇ ಬೆಂಬಲ ಮುಗಿದಿದೆ. ವಿಂಡೋಸ್ 11 ಬೇಕೆಂದರೆ 64 ಬಿಟ್ ಪ್ರೊಸೆಸರ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯವಿರುವ ಯುಇಎಫ್‌ಐ (ಯಂತ್ರವನ್ನು ಚಾಲೂ ಮಾಡುವ, ಬೋರ್ಡಿನಲ್ಲೇ ಇರುವ ಹೊಸ ಬಗೆಯ ತಂತ್ರಾಂಶ) ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲೂ ಇರಬೇಕು. ಇಂಟೆಲ್‌ನಲ್ಲಿ ಈ ಪಟ್ಟಿ ಸ್ಥೂಲವಾಗಿ ಎಂಟನೆಯ ತಲೆಮಾರಿನಿಂದ ಶುರುವಾಗುತ್ತದೆ. ನಿಮ್ಮ ಯಂತ್ರ ಅರ್ಹವೇ ಎಂಬುದನ್ನು ಮೈಕ್ರೋಸಾಫ್ಟ್‌ನದೇ ಆದ ‘ಪಿಸಿ ಹೆಲ್ತ್ ಚೆಕ್’ ಹೇಳುತ್ತದೆ. ‘ಇಲ್ಲ’ ಎಂಬ ಉತ್ತರ ಬಂದೊಡನೆ ಕೈಚೆಲ್ಲಬೇಡಿ. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯಾಸ್ (ಯುಇಎಫ್‌ಐಗೆ ರೂಢಿಯಲ್ಲಿರುವ ಹಳೆಯ ಹೆಸರು) ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿರುತ್ತಾರೆ. ಇಂಟೆಲ್ ಯಂತ್ರಗಳಲ್ಲಿ ಅದು ‘ಪಿಟಿಟಿ’ ಎಂಬ ಹೆಸರಿನಲ್ಲೂ, ಎಎಂಡಿ ಯಂತ್ರಗಳಲ್ಲಿ ‘ಎಫ್‌ಟಿಪಿಎಂ’ ಎಂಬ ಹೆಸರಿನಲ್ಲೂ ಅಡಗಿರುತ್ತದೆ.

ಅನರ್ಹ ಯಂತ್ರಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಬಹುದು. ಆದರೆ ಅಂಥ ಯಂತ್ರಗಳಿಗೆ ಮುಂದೆ ಅಪ್‌ಡೇಟ್ ಸಿಗುವ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದಲ್ಲಿ ನಾನಂತೂ ಈ ದಾರಿ ಹಿಡಿಯುವುದಿಲ್ಲ. ಅದರ ಬದಲು ಲಿನಕ್ಸ್ ಮಿಂಟ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಎಂಟು ಹತ್ತು ವರ್ಷದ ಲ್ಯಾಪ್‌ಟಾಪ್ ಕೂಡ ನೆಮ್ಮದಿಯಿಂದ ಕೆಲಸ ಮಾಡುತ್ತದೆ. ಅದು ಉಚಿತ, ನೋಡಲು ಹಳೆಯ ವಿಂಡೋಸ್‌ನಂತೆಯೇ ಇದೆ, ಮತ್ತು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ದೀರ್ಘಾವಧಿ ಆವೃತ್ತಿಯನ್ನು ಆಧರಿಸಿರುವುದರಿಂದ ಪ್ರತಿ ಪ್ರಧಾನ ಆವೃತ್ತಿಗೆ ಐದು ವರ್ಷದ ಅಪ್‌ಡೇಟ್ ಸಿಗುತ್ತದೆ. 4 ಜಿಬಿ ರ‍್ಯಾಮ್ ಮಾತ್ರ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೂ, ಅದಕ್ಕಿಂತ ಹೆಚ್ಚಿದ್ದರೆ ಸಿನಮನ್ ಆವೃತ್ತಿಯನ್ನೂ ಆರಿಸಿಕೊಳ್ಳಿ. ಮೈಕ್ರೋಸಾಫ್ಟ್ ಆಫೀಸ್‌ನ ಡೆಸ್ಕ್‌ಟಾಪ್ ಆವೃತ್ತಿ, ಫೋಟೋಶಾಪ್ ಇತ್ಯಾದಿ ಇಲ್ಲದೆ ಕೆಲಸ ಸಾಗದು ಎನ್ನುವವರು ಮಾತ್ರ ವಿಂಡೋಸ್‌ನಲ್ಲೇ ಉಳಿಯಬೇಕಾಗುತ್ತದೆ. ದಿನದ ಕೆಲಸವೆಲ್ಲ ಬ್ರೌಸರ್ ಒಳಗೇ ಮುಗಿಯುವವರಿಗೆ ಒಂದು ವಾರದ ಬಳಿಕ ವ್ಯತ್ಯಾಸ ನೆನಪಿನಲ್ಲೂ ಇರುವುದಿಲ್ಲ.

ಬ್ಯಾಕಪ್: ಮರೆತುಹೋಗುವ ಕಡತಗಳ ಪಟ್ಟಿ

ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್ – ಇವು ಯಾರಿಗೂ ಮರೆಯುವುದಿಲ್ಲ. ಜನರು ಆಮೇಲೆ ಹಣೆ ಚಚ್ಚಿಕೊಳ್ಳುವುದು ಬೇರೆಯವುಗಳಿಗಾಗಿ. ಬ್ರೌಸರ್‌ನಲ್ಲಿ ಉಳಿಸಿದ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು ಖಾತೆಯ ಮೂಲಕ ಸಿಂಕ್ ಆಗಿವೆಯೇ ಎಂದು ಇನ್ನೊಂದು ಸಾಧನದಲ್ಲಿ ತೆರೆದು ನೋಡಿ. ಆಗಿಲ್ಲದಿದ್ದರೆ ಎಕ್ಸ್‌ಪೋರ್ಟ್ ಮಾಡಿ. ಔಟ್‌ಲುಕ್ ಬಳಸುವವರ ಮೇಲ್‌ಗಳನ್ನು ಇಟ್ಟಿರುವ ಪಿಎಸ್‌ಟಿ ಕಡತ, ಲೆಕ್ಕಪತ್ರದ ತಂತ್ರಾಂಶಗಳು ಸಿ ಡ್ರೈವ್‌ನ ಯಾವುದೋ ಮೂಲೆಯಲ್ಲಿ ಇಟ್ಟುಕೊಂಡಿರುವ ಡೇಟಾ ಫೋಲ್ಡರ್, ಹಣ ಕೊಟ್ಟು ಕೊಂಡ ತಂತ್ರಾಂಶಗಳ ಕೀ, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಒಂದೊಂದಾಗಿ ಹೊಡೆದುಹಾಕುತ್ತ ಹೋಗುವುದು ಒಳ್ಳೆಯದು. ಫಾಂಟ್‌ಗಳ ವಿಷಯ ಕನ್ನಡದಲ್ಲಿ ಬರೆಯುವವರಿಗೆ ವಿಶೇಷವಾದದ್ದು: ಯುನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಆದ್ದರಿಂದ ಕಡತದ ಜೊತೆಗೆ ಫಾಂಟನ್ನೂ ಕಾಪಿ ಮಾಡಿಕೊಳ್ಳಿ.

ಒನ್‌ಡ್ರೈವ್ ಬಳಸುವವರು ಇನ್ನೊಂದು ಸಂಗತಿ ಗಮನಿಸಬೇಕು. ಕಡತದ ಪಕ್ಕದಲ್ಲಿ ಪುಟ್ಟ ಮೋಡದ ಗುರುತು ಇದ್ದರೆ ಅದು ನಿಮ್ಮ ಡಿಸ್ಕಿನಲ್ಲಿ ಇಲ್ಲ, ಅದರ ಹೆಸರು ಮಾತ್ರ ಇದೆ. ಹಸಿರು ಗುರುತು ಇದ್ದರಷ್ಟೇ ಅದು ಇಲ್ಲಿ ಇದೆ.

ಕಾಪಿ ಮಾಡಿದ ಮೇಲೆ ಹೊರಗಿನ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಪ್ರತಿ ಫೋಲ್ಡರಿನಿಂದ ನಾಲ್ಕಾರು ಕಡತಗಳನ್ನಾದರೂ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಕರೆಯುವುದಿಲ್ಲ. ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ ಚಾಲೂ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಡಿ. ಬಯಾಸ್‌ನಲ್ಲಿ ಏನಾದರೂ ಬದಲಿಸಿದರೆ ಯಂತ್ರ ಆ ಕೀಯನ್ನು ಕೇಳಬಹುದು. ತೆಗೆದಿಟ್ಟ ಹಳೆಯ ಡಿಸ್ಕನ್ನು ಮುಂದೊಂದು ದಿನ ಓದುವುದಕ್ಕೂ ಅದೇ ಬೇಕು.

ಪೆನ್‌ಡ್ರೈವ್ ಸಿದ್ಧಪಡಿಸುವುದು

ವಿಂಡೋಸ್‌ಗೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಮಿಂಟ್‌ಗೂ ಅದೇ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ವಿಂಡೋಸ್ ಹಾಕುವವರು ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿಕೊಂಡು ಅದು ಹೇಳಿದಂತೆ ಮಾಡಿದರೆ ಮುಗಿಯಿತು. ಯಾರೋ ಕೊಟ್ಟ, ‘ಎಲ್ಲ ತಂತ್ರಾಂಶಗಳೂ ಸೇರಿರುವ’ ಐಎಸ್‌ಒ ಕಡತವನ್ನು (ಇಡೀ ಇನ್‌ಸ್ಟಾಲ್ ಡಿಸ್ಕಿನ ನಕಲನ್ನು ಒಂದೇ ಕಡತವಾಗಿ ಕಟ್ಟಿದ್ದು) ಮುಟ್ಟಬೇಡಿ. ಅದರಲ್ಲಿ ಇನ್ನೇನು ಸೇರಿದೆ ಎಂಬುದು ಕೊಟ್ಟವರಿಗೂ ಗೊತ್ತಿರುವುದಿಲ್ಲ.

ಮಿಂಟ್ ಹಾಕುವವರು ಅದರ ತಾಣದಿಂದ ಐಎಸ್‌ಒ ಕಡತ ಇಳಿಸಿಕೊಂಡು, ಅಲ್ಲೇ ಕೊಟ್ಟಿರುವ ಎಸ್‌ಎಚ್‌ಎ-256 ಸಂಖ್ಯೆಯ ಜೊತೆ ತಾಳೆ ನೋಡಬೇಕು. ಕಡತದ ಒಂದು ಬಿಟ್ ಬದಲಾದರೂ ಆ 64 ಅಕ್ಷರಗಳ ಸರಣಿ ಪೂರಾ ಬೇರೆಯಾಗುವುದರಿಂದ, ಡೌನ್‌ಲೋಡ್ ಅರ್ಧಕ್ಕೆ ಕೆಟ್ಟಿದ್ದರೆ ಇಲ್ಲೇ ತಿಳಿಯುತ್ತದೆ. ಆ ಬಳಿಕ ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಪೆನ್‌ಡ್ರೈವ್ ಮತ್ತು ಐಎಸ್‌ಒ ಎರಡನ್ನೂ ಆರಿಸಿ ‘ಸ್ಟಾರ್ಟ್’ ಒತ್ತಿ. ಐಎಸ್‌ಒ ಕಡತವನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಸಾಲದು, ಅದರಿಂದ ಯಂತ್ರ ಚಾಲೂ ಆಗುವುದಿಲ್ಲ. ಇದೇ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ತಳಭಾಗದ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಗುರುತುಮಾಡಿಕೊಂಡು, ತಯಾರಕರ ತಾಣದಿಂದ ವೈ-ಫೈ ಡ್ರೈವರನ್ನು (ಆ ಬಿಡಿಭಾಗವನ್ನು ಆಪರೇಟಿಂಗ್ ಸಿಸ್ಟಮ್ ಓಡಿಸಲು ಬೇಕಾದ ಪುಟ್ಟ ತಂತ್ರಾಂಶ) ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ವಿಂಡೋಸ್ ಬಂದು ವೈ-ಫೈ ಬಾರದಿದ್ದರೆ, ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು ಎಂಬ ಪೇಚಿಗೆ ಸಿಕ್ಕಿಹಾಕಿಕೊಳ್ಳುತ್ತೀರಿ. ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಮಾಡುವುದು ಆಗಿನ ಪರ್ಯಾಯ.

ಪೆನ್‌ಡ್ರೈವ್‌ನಿಂದ ಚಾಲೂ ಮಾಡುವುದು

ಚಾರ್ಜರ್ ಜೋಡಿಸಿ. ಪೆನ್‌ಡ್ರೈವ್ ಚುಚ್ಚಿ ಯಂತ್ರವನ್ನು ರೀಸ್ಟಾರ್ಟ್ ಮಾಡಿ, ತಯಾರಕರ ಲಾಂಛನ ಮೂಡುವ ಮುಂಚೆಯೇ ಬೂಟ್ ಮೆನುವಿನ ಕೀಲಿಯನ್ನು ಬಡಿಯುತ್ತ ಇರಬೇಕು. ಡೆಲ್, ಲೆನೊವೊ, ಏಸರ್ ಯಂತ್ರಗಳಲ್ಲಿ ಅದು ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಕೀಲಿ ಹಿಡಿಯಲು ಆಗದಿದ್ದರೆ, ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿ ಒತ್ತಿ ಹಿಡಿದೇ ‘ರೀಸ್ಟಾರ್ಟ್’ ಕ್ಲಿಕ್ ಮಾಡಿದಾಗ ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಎಂಬುದರಿಂದಲೂ ಪೆನ್‌ಡ್ರೈವ್ ಆರಿಸಬಹುದು. ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ, ಹೆಸರಿನ ಮುಂದೆ ಯುಇಎಫ್‌ಐ ಎಂದಿರುವುದನ್ನೇ ಆರಿಸಿಕೊಳ್ಳಿ.

ವಿಂಡೋಸ್ ಇನ್‌ಸ್ಟಾಲ್, ಮತ್ತು ಆ ಒಂದು ಪರದೆ

ಭಾಷೆ ಮತ್ತು ಕೀಬೋರ್ಡ್ ಆರಿಸಿದ ಮೇಲೆ ಪ್ರಾಡಕ್ಟ್ ಕೀ ಕೇಳಿದರೆ ‘ನನ್ನಲ್ಲಿ ಕೀ ಇಲ್ಲ’ ಎಂಬುದನ್ನು ಒತ್ತಿ ಮುಂದೆ ಹೋಗಬಹುದು. ಇದೇ ಯಂತ್ರದಲ್ಲಿ ವಿಂಡೋಸ್ 10 ಅಥವಾ 11 ಮೊದಲೇ ಸಕ್ರಿಯವಾಗಿದ್ದರೆ, ಇಂಟರ್ನೆಟ್ ಸಿಕ್ಕೊಡನೆ ಡಿಜಿಟಲ್ ಲೈಸೆನ್ಸ್ ತಾನಾಗಿ ಗುರುತು ಹಿಡಿಯುತ್ತದೆ. ಆದರೆ ಹಿಂದೆ ಹೋಮ್ ಇದ್ದರೆ ಈಗಲೂ ಹೋಮ್, ಪ್ರೊ ಇದ್ದರೆ ಪ್ರೊ – ಇದು ತಪ್ಪಬಾರದು.

ಮುಂದೆ ಬರುವುದು ಡಿಸ್ಕ್ ಆರಿಸುವ ಪರದೆ. ಇಡೀ ಕೆಲಸದಲ್ಲಿ ಕೈ ನಡುಗಬೇಕಾದ ಜಾಗ ಇದೊಂದೇ. ಅಲ್ಲಿ ‘ಡ್ರೈವ್ 0 ಪಾರ್ಟಿಷನ್ 1’, ‘ಡ್ರೈವ್ 0 ಪಾರ್ಟಿಷನ್ 2’ ಎಂದು ಸಾಲುಗಳಿರುತ್ತವೆ; ಪಾರ್ಟಿಷನ್ ಎಂದರೆ ಡಿಸ್ಕಿನ ಒಂದು ಪಾಲು. ಸಿ, ಡಿ ಎಂಬ ಪರಿಚಿತ ಅಕ್ಷರಗಳು ಕಾಣಿಸುವುದಿಲ್ಲ. ಗಾತ್ರದಿಂದಲೇ ಯಾವುದು ಯಾವುದು ಎಂದು ಊಹಿಸಬೇಕು. ಒಮ್ಮೆ ನಾನು ಬ್ಯಾಕಪ್ ಮಾಡಿದ ಹೊರಗಿನ ಡಿಸ್ಕನ್ನು ಬಿಚ್ಚಲು ಮರೆತು ಈ ಪರದೆಗೆ ಬಂದಿದ್ದೆ. ಲ್ಯಾಪ್‌ಟಾಪಿನ ಡಿಸ್ಕೂ ಹೊರಗಿನದೂ ಒಂದೇ ಗಾತ್ರದವು. ಅವಸರದಲ್ಲಿ ಅಳಿಸಿದ್ದು ಬ್ಯಾಕಪ್ಪಿನ ಪಾರ್ಟಿಷನ್. ಹಳೆಯ ಡಿಸ್ಕನ್ನು ಇನ್ನೂ ಮುಟ್ಟಿರಲಿಲ್ಲವಾದ್ದರಿಂದ ಎಲ್ಲವನ್ನೂ ಮತ್ತೆ ಕಾಪಿ ಮಾಡುವ ಶಿಕ್ಷೆಯಲ್ಲೇ ಪಾರಾದೆ. ಅಂದಿನಿಂದ, ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಬಿಟ್ಟು ಬೇರಾವ ಡಿಸ್ಕೂ ಯಂತ್ರಕ್ಕೆ ಅಂಟಿಕೊಂಡಿಲ್ಲವೆಂದು ಕಣ್ಣಾರೆ ನೋಡಿದ ಮೇಲೆಯೇ ಯಂತ್ರದ ಗುಂಡಿ ಒತ್ತುತ್ತೇನೆ.

ಬ್ಯಾಕಪ್ ಬೇರೆಡೆ ಭದ್ರವಾಗಿದ್ದರೆ, ಲ್ಯಾಪ್‌ಟಾಪಿನ ಡಿಸ್ಕಿನ ಎಲ್ಲ ಪಾರ್ಟಿಷನ್‌ಗಳನ್ನೂ ಒಂದೊಂದಾಗಿ ಅಳಿಸಿ. ಕೊನೆಗೆ ‘ಅನ್‌ಅಲೊಕೇಟೆಡ್ ಸ್ಪೇಸ್’ ಎಂಬ ಒಂದೇ ಸಾಲು ಉಳಿಯಬೇಕು. ಅದನ್ನು ಆರಿಸಿ ‘ನೆಕ್ಸ್ಟ್’ ಒತ್ತಿದರೆ ಬೇಕಾದ ಸಣ್ಣಪುಟ್ಟ ಪಾರ್ಟಿಷನ್‌ಗಳನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಡಿ ಡ್ರೈವ್‌ನಲ್ಲಿ ಕಡತಗಳಿವೆ, ಅದನ್ನು ಉಳಿಸಿಕೊಳ್ಳಬೇಕು ಎನ್ನುವವರು ಆ ದೊಡ್ಡ ಪಾರ್ಟಿಷನ್ನನ್ನು ಮುಟ್ಟದೆ ಉಳಿದವನ್ನು ಅಳಿಸಬಹುದು, ಆದರೆ ಅದರ ಬ್ಯಾಕಪ್ಪೂ ಇರಲಿ. ಪಟ್ಟಿಯಲ್ಲಿ ಡಿಸ್ಕೇ ಕಾಣದಿದ್ದರೆ ಗಾಬರಿ ಬೇಡ. ಇಂಟೆಲ್‌ನ ಹನ್ನೊಂದನೆಯ ತಲೆಮಾರಿನ ಆಸುಪಾಸಿನ ಹಾಗೂ ಆನಂತರದ ಹಲವು ಯಂತ್ರಗಳಲ್ಲಿ ವಿಎಂಡಿ ಎಂಬ ಸೌಲಭ್ಯ ಆನ್ ಇದ್ದಾಗ ಹೀಗಾಗುತ್ತದೆ. ತಯಾರಕರ ತಾಣದ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವ್‌ನಲ್ಲಿಟ್ಟು ‘ಲೋಡ್ ಡ್ರೈವರ್’ ಮೂಲಕ ಕೊಟ್ಟರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಮೊದಲ ರೀಸ್ಟಾರ್ಟ್ ಹೊತ್ತಿಗೆ ಪೆನ್‌ಡ್ರೈವ್ ತೆಗೆದುಬಿಡಿ, ಇಲ್ಲವಾದರೆ ಕೆಲವು ಯಂತ್ರಗಳು ಮತ್ತೆ ಮೊದಲ ಪರದೆಗೇ ಹೋಗಿ ನಿಲ್ಲುತ್ತವೆ.

ಇಷ್ಟೆಲ್ಲ ಬೇಡ, ಡಿಸ್ಕ್ ಆರೋಗ್ಯವಾಗಿದೆ, ವಿಂಡೋಸ್ ಚಾಲೂ ಆಗುತ್ತಿದೆ ಎನ್ನುವವರಿಗೆ ಸೆಟ್ಟಿಂಗ್ಸ್‌ನಲ್ಲಿರುವ ‘ರೀಸೆಟ್ ದಿಸ್ ಪಿಸಿ’ ಕೂಡ ಒಂದು ದಾರಿ. ವೈರಸ್ ಹತ್ತಿದ ಅನುಮಾನವಿದ್ದರೆ ಮಾತ್ರ ಪೆನ್‌ಡ್ರೈವ್ ದಾರಿಯನ್ನೇ ಹಿಡಿಯಬೇಕು.

ಲಿನಕ್ಸ್ ಮಿಂಟ್ ಹಾಕುವುದಾದರೆ

ಮಿಂಟ್‌ನ ದೊಡ್ಡ ಅನುಕೂಲವೆಂದರೆ, ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಇಡೀ ಡೆಸ್ಕ್‌ಟಾಪ್ ಚಾಲೂ ಮಾಡಿ ನೋಡಬಹುದು. ಅದಕ್ಕೊಂದು ಅರ್ಧ ಗಂಟೆ ಕೊಡಿ. ವೈ-ಫೈ ಸಿಗುತ್ತದೆಯೇ, ಸ್ಪೀಕರ್ ಮತ್ತು ಕ್ಯಾಮೆರಾ ಕೆಲಸ ಮಾಡುತ್ತವೆಯೇ, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿಗಳು ಓಡುತ್ತವೆಯೇ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂಬುದನ್ನೆಲ್ಲ ಇಲ್ಲೇ ಪರೀಕ್ಷಿಸಿಕೊಳ್ಳಬೇಕು. ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲವೂ ಸ್ವಲ್ಪ ನಿಧಾನ; ವೇಗವನ್ನು ಈ ಹಂತದಲ್ಲಿ ಅಳೆಯಬೇಡಿ.

ಒಪ್ಪಿಗೆಯಾದರೆ ಡೆಸ್ಕ್‌ಟಾಪ್ ಮೇಲಿನ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಚಿಹ್ನೆಯನ್ನು ತೆರೆಯಿರಿ. ವಿಡಿಯೊ, ಹಾಡುಗಳಿಗೆ ಬೇಕಾದ ಮಲ್ಟಿಮೀಡಿಯಾ ಕೋಡೆಕ್‌ಗಳ ಚೌಕಕ್ಕೆ ಗುರುತು ಹಾಕಿ. ವಿಂಡೋಸ್ ಬೇಡವೇ ಬೇಡ ಎಂದಾದರೆ ‘ಇರೇಸ್ ಡಿಸ್ಕ್’ ಆಯ್ಕೆ ಸಾಕು. ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಆಯ್ಕೆಯೂ ಇದೆ, ಆದರೆ ಹಳೆಯ ಯಂತ್ರದ ಚಿಕ್ಕ ಡಿಸ್ಕಿನಲ್ಲಿ ಎರಡು ಸಂಸಾರ ಹೂಡಿದರೆ ಎರಡಕ್ಕೂ ಇಕ್ಕಟ್ಟು. ಸೆಕ್ಯೂರ್ ಬೂಟ್ ಆನ್ ಇದ್ದರೆ ನಡುವೆ ಒಂದು ಪಾಸ್‌ವರ್ಡ್ ಇಡಲು ಕೇಳಬಹುದು. ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಒಮ್ಮೆ ಅದನ್ನೇ ಕೊಡಬೇಕಾಗುತ್ತದೆ, ಆದ್ದರಿಂದ ಬರೆದಿಟ್ಟುಕೊಳ್ಳಿ. ಕೆಲವು ಬ್ರಾಡ್‌ಕಾಮ್ ವೈ-ಫೈ ಚಿಪ್‌ಗಳು ಮೊದಲಿಗೆ ಮೌನವಾಗಿರುತ್ತವೆ. ಫೋನ್ ಟೆದರಿಂಗ್ ಮಾಡಿ ‘ಡ್ರೈವರ್ ಮ್ಯಾನೇಜರ್’ ತೆರೆದರೆ ಬೇಕಾದ ಡ್ರೈವರ್ ಅಲ್ಲೇ ಸಿಗುತ್ತದೆ.

ಇನ್‌ಸ್ಟಾಲ್ ಆದ ಮೇಲಿನ ಮೊದಲ ದಿನ

ಮೊದಲ ದಿನ ಯಂತ್ರ ನಿರೀಕ್ಷೆಗಿಂತ ನಿಧಾನ ಎನಿಸಿದರೆ ಬೇಸರಪಡಬೇಡಿ. ಹಿನ್ನೆಲೆಯಲ್ಲಿ ಅಪ್‌ಡೇಟ್‌ಗಳು ಇಳಿಯುತ್ತಿರುತ್ತವೆ, ಕಡತಗಳ ಸೂಚಿ ತಯಾರಾಗುತ್ತಿರುತ್ತದೆ. ವಿಂಡೋಸ್ ಅಪ್‌ಡೇಟನ್ನು ‘ಇನ್ನೇನೂ ಬಾಕಿ ಇಲ್ಲ’ ಎನ್ನುವವರೆಗೆ ಮತ್ತೆ ಮತ್ತೆ ಓಡಿಸಿ, ನಡುನಡುವೆ ರೀಸ್ಟಾರ್ಟ್ ಮಾಡಿ. ಹೆಚ್ಚಿನ ಡ್ರೈವರ್‌ಗಳು ಈ ದಾರಿಯಲ್ಲೇ ಬಂದುಬಿಡುತ್ತವೆ. ಆಮೇಲೆ ‘ಡಿವೈಸ್ ಮ್ಯಾನೇಜರ್’ ತೆರೆದು ಹಳದಿ ತ್ರಿಕೋನ ಎಲ್ಲಾದರೂ ಉಳಿದಿದೆಯೇ ನೋಡಿ. ಉಳಿದಿದ್ದರೆ ಆ ಸಾಧನದ ಡ್ರೈವರನ್ನು ತಯಾರಕರ ತಾಣದಿಂದಲೇ ತಂದು ಹಾಕಿ. ಎಲ್ಲ ಡ್ರೈವರನ್ನೂ ಒಂದೇ ಕ್ಲಿಕ್‌ನಲ್ಲಿ ಸರಿಪಡಿಸುತ್ತೇವೆ ಎನ್ನುವ ತಂತ್ರಾಂಶಗಳು, ರಿಜಿಸ್ಟ್ರಿ ಕ್ಲೀನರ್‌ಗಳು, ವೇಗ ಹೆಚ್ಚಿಸುತ್ತೇವೆ ಎನ್ನುವ ಬೂಸ್ಟರ್‌ಗಳು – ಇವನ್ನು ಹೊಸ ಯಂತ್ರದ ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ. ವಿಂಡೋಸ್‌ನ ಜೊತೆಗೇ ಬರುವ ಡಿಫೆಂಡರ್ ಇರುವಾಗ ಇನ್ನೊಂದು ಆಂಟಿವೈರಸ್ ಭಾರವನ್ನು ಹಳೆಯ ಯಂತ್ರದ ಮೇಲೆ ಹೇರುವ ಅಗತ್ಯವೂ ಇಲ್ಲ. ಸೆಟ್ಟಿಂಗ್ಸ್‌ನ ‘ಆಕ್ಟಿವೇಷನ್’ ಪುಟದಲ್ಲಿ ವಿಂಡೋಸ್ ಸಕ್ರಿಯವಾಗಿದೆ ಎಂಬ ಸಾಲನ್ನು ಕಂಡ ಮೇಲೆ ಮುಂದಿನ ಕೆಲಸ.

ತಂತ್ರಾಂಶಗಳನ್ನು ಮೊದಲ ದಿನವೇ ಹಳೆಯ ಪಟ್ಟಿ ಹಿಡಿದು ಹಾಕುತ್ತ ಹೋಗಬೇಡಿ. ಬ್ರೌಸರ್, ಆಫೀಸ್, ಕನ್ನಡ ಟೈಪಿಂಗ್ ವ್ಯವಸ್ಥೆ – ಇಷ್ಟು ಸಾಕು; ಉಳಿದದ್ದು ಬೇಕಾದ ದಿನ ಬರಲಿ. ಬ್ಯಾಕಪ್‌ನಿಂದ ನಿಮ್ಮ ಕಡತಗಳನ್ನು ಮಾತ್ರ ತನ್ನಿ. ಹಳೆಯ ‘ಆಪ್‌ಡೇಟಾ’ ಫೋಲ್ಡರನ್ನು ಇಡಿಯಾಗಿ ತಂದು ಸುರಿದರೆ, ಯಾವ ಕಸವನ್ನು ಗುಡಿಸಲು ಇಷ್ಟೆಲ್ಲ ಮಾಡಿದಿರೋ ಅದೇ ಕಸ ಮರಳಿ ಬರುತ್ತದೆ. ಮಿಂಟ್ ಬಳಸುವವರು ಇದೇ ಹೊತ್ತಿಗೆ ‘ಟೈಮ್‌ಶಿಫ್ಟ್’ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಮುಂದೆ ಯಾವುದೋ ಅಪ್‌ಡೇಟ್ ಕೈಕೊಟ್ಟಾಗ ಇಂದಿನ ಸ್ಥಿತಿಗೆ ಹಿಂದಿರುಗಬಹುದು; ಆದರೆ ಅದು ವ್ಯವಸ್ಥೆಯ ಕಡತಗಳಿಗೆ ಮಾತ್ರ, ನಿಮ್ಮ ಫೋಟೋಗಳ ಬ್ಯಾಕಪ್ ಅಲ್ಲ.

ಪೆನ್‌ಡ್ರೈವನ್ನು ಒಂದು ಚೀಟಿ ಅಂಟಿಸಿ ತೆಗೆದಿಡಿ. ಹಳೆಯ ಡಿಸ್ಕನ್ನೂ ಬ್ಯಾಕಪ್ಪನ್ನೂ ಕನಿಷ್ಠ ಒಂದು ತಿಂಗಳು ಅಳಿಸಬೇಡಿ, ಯಾರಿಗೂ ಕೊಡಬೇಡಿ. ‘ಆ ಒಂದು ಕಡತ ಎಲ್ಲಿ ಹೋಯಿತು’ ಎಂಬ ಪ್ರಶ್ನೆ ಸಾಮಾನ್ಯವಾಗಿ ಮೂರನೆಯ ವಾರಕ್ಕೆ ಹುಟ್ಟುತ್ತದೆ.